ಸುತಳಿ ಹಾಕಿದ ಸೀರೆ

"ಅಕ್ಕಾ, ನಮ್ಮ ಅಬ್ಬಾ ಇಷ್ಟು ಕೆಟ್ಟದಾಗಿ ಹೊಲಿಯಾಕ ಸಾಧ್ಯಾನ ಇಲ್ಲ."

ಫೋನ್ ಎತ್ತಿದ ಕೂಡಲೇ ಹಸೀನಾ ಹೇಳಿದ ಮಾತು ಇದು. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ಯಾವ ಹೊಲಿಗೆ, ಯಾಕೆ ಸಿಟ್ಟು, ನನಗೆ ಒಂದೂ ತಿಳಿಯಲಿಲ್ಲ. (ಒಲೆಯ ಮೇಲಿನ ಒಗ್ಗರಣೆ ಅಷ್ಟರಲ್ಲಿ ಸೀದು ಹೋಯಿತು. ಅದಿರಲಿ.)

ಹಸೀನಾ ಸಿರುಗುಪ್ಪದವಳು. ಅವಳ ತಂದೆ ಮೌಲಾಸಾಬರು ನಾಟಕದ ಡ್ರೆಸ್ ಬಾಡಿಗೆಗೆ ಕೊಡುತ್ತಿದ್ದರು. ಆ ಸೀಮೆಯ ಹಳ್ಳಿಗಳಲ್ಲಿ ಭತ್ತದ ಕೊಯ್ಲು ಮುಗಿದು ಕೈ ಖಾಲಿಯಾದರೆ ಸಾಕು, ಊರವರೇ ಬಣ್ಣ ಹಚ್ಚಿಕೊಂಡು ಪೌರಾಣಿಕ ನಾಟಕಕ್ಕೆ ನಿಂತುಬಿಡುತ್ತಾರೆ. ಕಿರೀಟ, ಗದೆ, ಪರದೆ, ರಾಣಿಯರ ಸೀರೆ, ಎಲ್ಲವೂ ಮೌಲಾಸಾಬರ ಟ್ರಂಕಿನಿಂದಲೇ ಹೊರಡಬೇಕು. ಬರೀ ಬಾಡಿಗೆಗೆ ಕೊಡುವ ಆಸಾಮಿಯಲ್ಲ ಅವರು. ತಾವೇ ಕತ್ತರಿಸಿ, ತಾವೇ ಹೊಲಿಯುತ್ತಿದ್ದರು. ಅವರು ಜರಿಯ ಅಂಚು ಕೂಡಿಸಿದರೆ ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕಿತ್ತು. ತೀರಿಹೋಗಿ ಕೆಲವು ವರ್ಷಗಳಾದವು.

ಮಗಳು ಚಿತ್ರಕಲೆ ಓದಿದಳು. ಓದಿ ಮುಗಿಸಿ ಮತ್ತೆ ಸೂಜಿಯನ್ನೇ ಹಿಡಿದಳು. ಅವಳೂ ಅವಳ ಗೆಳತಿಯರೂ ಸೇರಿ ಈಗ ಒಂದು ಕೆಲಸ ಮಾಡುತ್ತಿದ್ದಾರೆ. ಹಳೆಯ ನಾಟಕದ ಒಂದೊಂದು ಪ್ರಸಂಗ ಆರಿಸಿಕೊಂಡು, ಅದನ್ನು ಕೈಯಿಂದ ಮಾಡಿದ ಒಂದು ವಸ್ತುವಿನಲ್ಲಿ ಹೇಳುವುದು. ಒಬ್ಬಳು ಹಸಿ ಮಣ್ಣಿನಲ್ಲಿ ರಾಜನ ಕಿರೀಟ ಮಾಡಿದ್ದಾಳೆ. ಯಾವ ತಲೆಯೂ ಹೊರಲಾಗದಷ್ಟು ಭಾರ. ಇನ್ನೊಬ್ಬಳು ಬೇವಿನ ಕಟ್ಟಿಗೆಯಲ್ಲಿ ಪಗಡೆಯ ದಾಳ ಕೆತ್ತಿದ್ದಾಳೆ. ಅದರ ಯಾವ ಮುಖದಲ್ಲೂ ಚುಕ್ಕೆಯಿಲ್ಲ. ಹೇಗೆ ಎಸೆದರೂ ಸೋಲೇ. ಇವೆಲ್ಲ ಬಳ್ಳಾರಿಯಲ್ಲಿ, ಗಾಂಧಿನಗರದ ನಮ್ಮ ಮನೆಯ ಹತ್ತಿರದ ಒಂದು ಹಾಲ್‌ನಲ್ಲಿ ಪ್ರದರ್ಶನಕ್ಕೆ ಬರುವುದಿತ್ತು.

ಹಸೀನಾ ಆರಿಸಿಕೊಂಡಿದ್ದು ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಸೆಳೆಯುವ ಪ್ರಸಂಗ. ಹೆಸರು ಹೇಳಬೇಕೇ? ಬೇಡ, ನಿಮಗೆ ಗೊತ್ತು.

ಅಪ್ಪನ ಟ್ರಂಕುಗಳಲ್ಲಿದ್ದ ನಾಟಕದ ಸೀರೆಗಳನ್ನೆಲ್ಲ ತೆಗೆದು, ಒಂದರ ತುದಿಗೆ ಒಂದನ್ನು ಕೂಡಿಸಿ, ಮುಗಿಯದ ಒಂದು ಸೀರೆ ಮಾಡುವುದು ಅವಳ ಯೋಚನೆ. ಹಾಗೆ ತೆಗೆಯುತ್ತ ಹೋದಾಗ ಕೊನೆಯ ಟ್ರಂಕಿನ ತಳದಲ್ಲಿ ಒಂದು ಗಂಟು ಸಿಕ್ಕಿತು. ಅದನ್ನು ಬಿಚ್ಚಿದ ಮೇಲೆಯೇ, ಪ್ರದರ್ಶನದ ಬಗ್ಗೆ ಪೇಪರಿನ ಅಂಕಣಕ್ಕೆ ಬರೆಯುತ್ತೇನೆ ಎಂದಿದ್ದ ನನಗೆ ಫೋನ್ ಬಂದದ್ದು.

ಮರುದಿನ ಸಿರುಗುಪ್ಪದ ಬಸ್ ಹಿಡಿದೆ.

ಒಗೆದು ಮಡಿಚಿದ ಬಿಳಿ ಪಂಚೆಯೊಳಗೆ ಕಡುಗೆಂಪು ಸೀರೆ. ನಾಟಕದ ಮಿಣಮಿಣ ಬಟ್ಟೆಯಲ್ಲ, ಹೆಂಗಸರು ಮದುವೆ ಮುಂಜಿವೆಗೆ ಉಡುವಂಥದ್ದು. ನಡುವಿನ ಹತ್ತಿರ ಗೇಣುದ್ದ ಹರಿದಿತ್ತು. ಆ ಹರುಕಿನ ಸುತ್ತ ಸುತಳಿ. ನೂಲಲ್ಲ, ದಾರವಲ್ಲ, ಭತ್ತದ ಚೀಲದ ಬಾಯಿಗೆ ಹಾಕುವ ಸುತಳಿ! ದಬ್ಬಣದ ತೂತುಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು.

"ನೋಡ್ರಿ ಅಕ್ಕಾ. ಚೀಲ ಹೊಲದಂಗ ಹೊಲದಾರ. ಕಡೀಕಡೀಗೆ ಅಬ್ಬಾನ ಕಣ್ಣು ಹೋಗಿತ್ತೇನೋ, ನಮಗ ಗೊತ್ತಾಗಲಿಲ್ಲೇನೋ ಅನ್ನಿಸಿ ರಾತ್ರಿ ನಿದ್ದಿ ಹತ್ತಲಿಲ್ಲ" ಎಂದಳು ಹಸೀನಾ.

ಬಾಗಿಲ ಬಳಿ ಕೂತಿದ್ದ ಅವಳ ತಾಯಿ ಇಣುಕಿ ನೋಡಿ, "ಅದು ಕುರುಗೋಡಿನ ಕಮಲಮ್ಮಂದು, ರಾಣಿ ಪಾರ್ಟು ಮಾಡ್ತಿದ್ರಲ್ಲ" ಎಂದರು. "ಯಾರಿಗೂ ಬಾಡಿಗಿ ಕೊಡಬ್ಯಾಡ ಅಂತಿದ್ರು. ಯಾಕಂತ ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ."

ಹಸೀನಾ ಸುತಳಿ ಬಿಚ್ಚಿ, ಹರುಕನ್ನು ಬಂಗಾರದ ಜರಿಯಿಂದ ತುಂಬಬೇಕು ಎಂದುಕೊಂಡಿದ್ದಳು. ಚೆನ್ನಾಗಿಯೇ ಕಾಣುತ್ತಿತ್ತೋ ಏನೋ. ಆದರೆ ಸೀರೆ ಉಟ್ಟವರು ಇನ್ನೂ ಬದುಕಿದ್ದಾರೆ. ಒಂದು ಮಾತು ಕೇಳಬೇಡವೇ?

ಹಾಗಾಗಿ ಕುರುಗೋಡಿಗೆ ಹೋದೆವು. ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಸಣ್ಣ ತಾರಸಿ ಮನೆ. ಬಾಗಿಲು ತೆರೆದದ್ದು ಕಮಲಮ್ಮನ ಸೊಸೆ ಗಿರಿಜಾ. ಅಂಗನವಾಡಿಯಲ್ಲಿ ಕೆಲಸ, ಆಗಷ್ಟೇ ಮನೆಗೆ ಬಂದಿದ್ದಳು. ನಾಟಕದ ಸೀರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಬಿಗಿಯಿತು.

"ಅದೆಲ್ಲ ಹಳೇದು ಮೇಡಂ. ನಮ್ಮ ಮನಿಯವರಿಗೆ ಸಾಲ್ಯಾಗ ನಾಟಕದಾಕಿ ಮಗ ಅಂತ ಆಡ್ಕೊಂತಿದ್ರಂತ. ನನ್ನ ಮದಿವ್ಯಾಗೂ ಅದಾ ಗುಸುಗುಸು. ಈಗ ಓಣಿಯವರು ಮರ್ತಾರ. ಮತ್ತ ನೆನಪು ಮಾಡಬ್ಯಾಡ್ರಿ."

ಅವಳ ಮಾತಿನಲ್ಲಿ ತಪ್ಪೇನಿತ್ತು? ಊರ ಗಂಡಸರು ಆಡುವ ನಾಟಕಕ್ಕೆ ಹೆಣ್ಣು ಪಾತ್ರ ಮಾಡಲು ಕಮಲಮ್ಮನಂಥವರನ್ನು ಬೇರೆ ಊರಿನಿಂದ ಕರೆಸುತ್ತಾರೆ. ರಂಗದ ಮೇಲೆ ಅವರು ಮಹಾರಾಣಿ. ಬೆಳಗಾಗಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಾಗ ಅದೇ ಊರಿನ ಬಾಯಲ್ಲಿ ಬೇರೆಯೇ ಮಾತು. ಇದು ಗೊತ್ತಿಲ್ಲದವರು ಯಾರು?

"ಗಿರಿಜಾ, ಅವರನ್ನ ಒಳಗ ಕರಿ" ಎಂದು ದನಿ ಕೇಳಿತು.

ಎಪ್ಪತ್ತು ದಾಟಿದ ಹೆಂಗಸು. ಹಣೆಯ ತುಂಬ ಕುಂಕುಮ. ಮಂಡಿ ನೋವು, ಆಸರೆಯಿಲ್ಲದೆ ಕುರ್ಚಿ ಬಿಟ್ಟು ಏಳಲಾಗುವುದಿಲ್ಲ. ಹಸೀನಾ ಪಂಚೆಯ ಗಂಟನ್ನು ಅವರ ತೊಡೆಯ ಮೇಲಿಟ್ಟಳು. ಕಮಲಮ್ಮ ಅದನ್ನು ಬಿಚ್ಚಲಿಲ್ಲ. ಬರೀ ಮೇಲೆ ಕೈಯಿಟ್ಟು, "ಮೌಲಣ್ಣನ ಮಗಳೇನವ್ವ ನೀನು?" ಎಂದರು. ಹೂಂ ಎಂದಳು. "ಮೂಗು ಅವಂದಾ ಐತಿ" ಎಂದರು.

ಗಿರಿಜಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಕರೂರಾಗ" ಎಂದು ಶುರು ಮಾಡಿದರು ಕಮಲಮ್ಮ.

ಸಿರುಗುಪ್ಪ ತಾಲೂಕಿನ ಕರೂರು. ಅಲ್ಲಿ ನಾಟಕ. ಸೀರೆ ಸೆಳೆಯುವ ಪಾತ್ರ ಕಟ್ಟಿದ್ದವನು ನಾಟಕಕ್ಕೆ ದುಡ್ಡು ಹಾಕಿದ್ದ ಬೇರೆ ಊರಿನ ದೊಡ್ಡ ಮನೆಯವನು. ನಾಟಕ ಆಡುವ ಗಂಡಸರೆಲ್ಲ ಅವನ ಮಾತು ಮೀರದವರು. ಆ ಪ್ರಸಂಗಕ್ಕೆ ಒಂದು ಪದ್ಧತಿ ಇದೆ. ರಾಣಿಯ ಪಾತ್ರದವಳು ತನ್ನ ಸ್ವಂತ ಸೀರೆಯನ್ನು ಒಳಗೆ ಬಿಗಿಯಾಗಿ ಉಟ್ಟಿರುತ್ತಾಳೆ. ಅದರ ಮೇಲೆ ಕೂಡಿಸಿದ ಸೀರೆಗಳ ಸುತ್ತು. ದುಷ್ಟ ಎಳೆದಂತೆಲ್ಲ ಪಕ್ಕದ ಪರದೆಯ ಹಿಂದಿನಿಂದ ಇನ್ನಷ್ಟು ಸೀರೆ ಬಿಡುತ್ತಾರೆ. ಎಳೆದು ಎಳೆದು ಸುಸ್ತಾಗಿ ಅವನು ಬೀಳಬೇಕು. ದೃಶ್ಯ ಅಲ್ಲಿಗೆ ಮುಗಿಯಿತು.

"ದೇವ್ರ ಪಾರ್ಟಿನಾಂವ ಸ್ಟೂಲಿನ ಮ್ಯಾಲ ನಿಂತು ಬರೇ ಕೈ ಎತ್ತಾಂವ. ಪರದಿ ಹಿಂದ ಕುಂತು ಸೀರಿ ಬಿಡಾಂವ ನಿಮ್ಮಪ್ಪ" ಎಂದು ಕಮಲಮ್ಮ ಸ್ವಲ್ಪ ನಕ್ಕರು.

ಅವತ್ತು ಆತ ಬೀಳಲಿಲ್ಲ.

ಮೇಲಿನ ಸೀರೆ ಮುಗಿದ ಮೇಲೆ ಒಳಗಿನ ಸೀರೆಗೇ ಕೈ ಹಾಕಿದ. ಕುಡಿದಿದ್ದ. ಕಮಲಮ್ಮ ನೆರಿಗೆ ಅವಚಿ ಹಿಡಿದು ಕೂಗಿದರು. ನಾಟಕದ ಮಾತಲ್ಲ, ಸ್ವಂತ ಮಾತು.

"ಬಿಡೋ ಭಾಡ್ಯಾ ಅಂತ ಅಳಕೊಂತ ಒದರಿದೆ. ಸೀರಿ ಪರ್ ಅಂತ ಹರೀತು. ಹಾರ್ಮೋನಿಯಂ ಮಾಸ್ತರ ಬಾರಿಸಿಕೊಂತನಾ ಕುಂತಿದ್ದ. ಮುಂದ ಕುಂತ ಮಂದಿ ಏನು ಮಾಡಿದ್ರು ಗೊತ್ತೇನವ್ವ?"

ಕಮಲಮ್ಮ ಹಸೀನಾಳತ್ತ ತಿರುಗಿದರು.

"ಚಪ್ಪಾಳಿ ಹೊಡದ್ರು. ಎಷ್ಟು ಚಂದ ಆಕ್ಟಿಂಗ್ ಮಾಡ್ಯಾಳ ಅಂತ. ಹೆಣ್ಮಕ್ಕಳು ಸೆರಗಿನಾಗ ಕಣ್ಣು ಒರಸಿಕೊಂತಿದ್ರು. ಆಮ್ಯಾಲ ಒನ್ಸ್ ಮೋರ್ ಅಂದ್ರು."

ಒನ್ಸ್ ಮೋರ್. ನಮ್ಮ ಕಡೆ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಜನ ಒನ್ಸ್ ಮೋರ್ ಕೂಗಿದರೆ ಆ ದೃಶ್ಯವನ್ನು ಮತ್ತೆ ಆಡಬೇಕು. ಹಾಡಾದರೆ ಹಾಡು, ಯುದ್ಧವಾದರೆ ಯುದ್ಧ. ಇದೂ ಹಾಗೆಯೇ.

ಪರದೆ ಬಿತ್ತು. ಒಳಗೆ ಕಮಲಮ್ಮ ಹರಿದ ಸೀರೆ ಹಿಡಿದು ಗೋಡೆಗೆ ಆತು ನಿಂತಿದ್ದರು. ಆತ ಅಲ್ಲೇ ಬೀಡಿ ಸೇದುತ್ತ ನಗುತ್ತಿದ್ದ. ಹೋಗೋದು ಬ್ಯಾಡ ತಂಗಿ, ಬಣ್ಣ ಅಳಿಸು, ನಾ ಕರ್ಕೊಂಡು ಹೋಗ್ತೀನಿ ಎಂದರಂತೆ ಮೌಲಾಸಾಬರು. ಕಮಲಮ್ಮ ಒಪ್ಪಲಿಲ್ಲ.

"ಯಾಕೆ ಒಪ್ಪಲಿಲ್ಲ?" ನಾನೇ ಕೇಳಿದೆ.

"ಅರ್ಧಕ್ಕ ಬಿಟ್ಟು ಹೋದ್ಲು ಅಂದ್ರ ಮುಂದಿನ ಊರಾಗ ಯಾರು ಕರೀತಾರ? ಮನ್ಯಾಗ ಮಗ ಸಣ್ಣಾಂವ. ಅದೂ ಅಲ್ದ..." ಕಮಲಮ್ಮ ತಡೆದರು. "ರಾಣಿ ಪಾರ್ಟು ನಂದು. ಅವನ ಸಲುವಾಗಿ ನಾ ಯಾಕ ಬಿಡ್ಲಿ?"

ಆಗ ಮೌಲಾಸಾಬರು ಹೊರಗೆ ಹೋದರು. ಅಲ್ಲೇ ಪಕ್ಕದ ಕಣದಲ್ಲಿ ಭತ್ತದ ಚೀಲಗಳಿದ್ದವು. ಒಂದು ದಬ್ಬಣ, ಒಂದಿಷ್ಟು ಸುತಳಿ ತಂದರು. ಒಳಲಂಗದ ಪಟ್ಟಿ, ಹರಿದ ಸೀರೆ, ಅದರ ಮೇಲಿನ ನಾಟಕದ ಸೀರೆ, ಎಲ್ಲವನ್ನೂ ಸೇರಿಸಿ ಕಮಲಮ್ಮನ ನಡುವಿಗೇ ಹೊಲಿದರು. ಮೈ ಸುತ್ತ ಹೊಲಿದರು. ದಬ್ಬಣ ಮೈಗೆ ತಾಗಿದಾಗಲೆಲ್ಲ ಮಾಫ್ ಮಾಡವ್ವ, ಮಾಫ್ ಮಾಡವ್ವ ಅನ್ನುತ್ತಿದ್ದರು.

"ಎರಡನೇ ಸಲ ಬಂದ. ಎಳದ, ಎಳದ. ಪರದಿ ಹಿಂದ ನಿಮ್ಮಪ್ಪ ಸೀರಿ ಬಿಡಾದು ಬಿಟ್ಟು, ಕಂಬಕ್ಕ ಕಾಲು ಕೊಟ್ಟು ಎರಡೂ ಕೈಲೆ ಹಿಡಕೊಂಡು ಕುಂತಿದ್ದ. ನನ್ನ ನಡಾ ಕೊಯ್ದು ಹೋತು. ಸೀರಿ ಹೋಗಲಿಲ್ಲ. ಕಡೀಗೆ ಅವನಾ ಬಿದ್ದ. ಜನ ಮತ್ತ ಚಪ್ಪಾಳಿ ಹೊಡದ್ರು."

ನಾಟಕ ಮುಗಿದ ಮೇಲೆ ಮೌಲಾಸಾಬರೇ ಚಾಕುವಿನಿಂದ ಮೈ ಸುತ್ತಿನ ಸುತಳಿ ಕತ್ತರಿಸಿ ಬಿಡಿಸಿದರಂತೆ. ಹರುಕಿನ ಸುತ್ತಲಿನದು ಹಾಗೇ ಉಳಿಯಿತು. ಆ ಸೀರೆ ನನಗೆ ಬೇಡ ಅಣ್ಣಾ ಎಂದು ಕಮಲಮ್ಮ ಅದನ್ನು ಅವರ ಕೈಗೇ ಕೊಟ್ಟು ಊರಿಗೆ ಬಂದರು. ನಡುವಿನ ಗಾಯ ಮಾಯಲು ಬಹಳ ದಿನ ಹಿಡಿಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹಸೀನಾ ಬಿಕ್ಕಲಿಲ್ಲ. ಕಣ್ಣೀರು ಮಾತ್ರ ಸುಮ್ಮನೆ ಇಳಿಯುತ್ತಿತ್ತು. "ಅಬ್ಬಾ ಮನ್ಯಾಗ ಒಂದು ದಿನಾನೂ ಬಾಯಿ ಬಿಡಲಿಲ್ಲ" ಎಂದಳು.

"ನನ್ನ ಮಾನದ ಮಾತವ್ವ ಅದು. ಅವನು ಹೆಂಗ ಹೇಳ್ತಾನ?" ಎಂದರು ಕಮಲಮ್ಮ.

ಆತ ಯಾರು ಎಂದು ಕೇಳಿದೆ. ಬರೆಯುವವರ ಚಟ, ನೋಡಿ. ಕಮಲಮ್ಮ ತಲೆಯಾಡಿಸಿದರು. "ಬ್ಯಾಡ. ಅವನ ಹೆಸರು ಬಂದ್ರ ಅವನ ಮಂದಿ ಬರ್ತಾರ, ಅವನ ಮಾತು ಬರ್ತಾವ. ನಿಮ್ಮ ಪೇಪರಿನ್ಯಾಗೂ ಅವನಾ ತುಂಬ್ಕೊಂತಾನ. ನಮ್ಮ ಮಾತು ಅಷ್ಟಾ ಇರ್ಲಿ."

ಸೀರೆಯನ್ನು ಪ್ರದರ್ಶನಕ್ಕೆ ಇಡಬಹುದೇ ಎಂದು ಹಸೀನಾ ಕೇಳಿದಾಗ ಅವರು ಮೊದಲ ಬಾರಿ ಗಂಟು ಬಿಚ್ಚಿದರು. ಸುತಳಿಯ ಮೇಲೆ ಹೆಬ್ಬೆರಳಾಡಿಸಿದರು. "ಇಡು. ಸುತಳಿ ತೆಗೀಬ್ಯಾಡ. ಮತ್ತ ಯಾರೂ ಕೈ ಹಚ್ಚಬಾರದು. ಎಳೀಬಾರದು. ಇಷ್ಟಾ."

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಒಳಗೆ ಹೋದಳು. ನಮ್ಮನ್ನು ಬೀಳ್ಕೊಡಲೂ ಬರಲಿಲ್ಲ. ಒಳಗೆ ನಲ್ಲಿಯ ನೀರು ಸುರಿಯುವ ಸದ್ದಷ್ಟೇ ಕೇಳಿಸುತ್ತಿತ್ತು.

ಪ್ರದರ್ಶನ ಶುರುವಾದದ್ದು ಕಳೆದ ಭಾನುವಾರ. ಹಾಲ್‌ನ ಛಾವಣಿಯಿಂದ ಇಳಿಬಿಟ್ಟ ಸೀರೆಗಳು ಅಲೆ ಅಲೆಯಾಗಿ ಸುತ್ತಿ, ಕೊನೆಗೆ ಆ ಕಡುಗೆಂಪು ಸೀರೆಗೆ ಬಂದು ನಿಲ್ಲುತ್ತಿದ್ದವು. ಅದರ ಹರುಕು ಹಾಗೇ ಇತ್ತು. ಸುತಳಿಯೂ. 'ದಯವಿಟ್ಟು ಮುಟ್ಟಬೇಡಿ' ಎಂದು ದೊಡ್ಡ ಅಕ್ಷರದ ಬೋರ್ಡು. ಆ ಸೀರೆಯ ಕಥೆ ಅಲ್ಲಿ ಬರೆದಿರಲಿಲ್ಲ. ಕಮಲಮ್ಮ ಬಂದು ನೋಡಿದ ಮೇಲೆ, ಅವರು ಹೂಂ ಎಂದರೆ ಮಾತ್ರ ಎಂದು ಹಸೀನಾ ಕಾಯುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕಮಲಮ್ಮ ಬಂದರು. ಒಬ್ಬರೇ ಬಸ್ ಹತ್ತಲಾಗುವುದಿಲ್ಲ ಎಂದು ಗಿರಿಜಾ ಜೊತೆಗಿದ್ದಳು. ಬಂದವಳು ಗೋಡೆಯ ಬದಿಗೆ ನಿಂತಳು. ಯಾರಾದರೂ ಗುರುತಿನವರು ನೋಡುತ್ತಾರೇನೋ ಎಂಬಂತೆ ಸೆರಗು ಹೊದ್ದುಕೊಂಡಿದ್ದಳು. ಕಮಲಮ್ಮನಿಗೆ ಒಂದು ಕುರ್ಚಿ ಹಾಕಿದೆವು. ಹಾಲ್ ತುಂಬಿತ್ತು. ಜನ ಮಣ್ಣಿನ ಕಿರೀಟ ನೋಡಿ ವಾವ್ ಎನ್ನುತ್ತಿದ್ದರು. ಚುಕ್ಕೆಯಿಲ್ಲದ ದಾಳದ ಫೋಟೋ ತೆಗೆಯುತ್ತಿದ್ದರು.

ಆಗ ಅದು ಆಯಿತು.

ನಲವತ್ತರ ಆಸುಪಾಸಿನ ಒಬ್ಬರು. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಹೆಂಡತಿಯ ಕೈಗೆ ಮೊಬೈಲ್ ಕೊಟ್ಟು "ವಿಡಿಯೋ ಮಾಡು" ಎಂದರು. ನೇರವಾಗಿ ಕೆಂಪು ಸೀರೆಯ ಬಳಿ ಹೋಗಿ ಅದರ ತುದಿ ಹಿಡಿದರು. ಮೀಸೆ ತಿರುವಿದರು. ನಾಟಕದ ದುಷ್ಟರ ಹಾಗೆ ಹಾ ಹಾ ಹಾ ಎಂದು ಗಹಗಹಿಸಿ ಎಳೆದರು.

ಸುತ್ತಲಿದ್ದವರು ನಕ್ಕರು. ಇಬ್ಬರು ಮೂವರು ತಮ್ಮ ಮೊಬೈಲ್ ಎತ್ತಿದರು. ಯಾರೋ ಹಿಂದಿನಿಂದ, "ಸಾರ್, ಇನ್ನೊಂದ್ಸಲ" ಎಂದರು.

ಹಸೀನಾ ಹಾಲ್‌ನ ಆಚೆ ತುದಿಯಲ್ಲಿದ್ದಳು. ಜನರನ್ನು ದಾಟಿ ಬರಲು ಹೊರಟಳು. ನಾನು ಕಮಲಮ್ಮನ ಮುಖ ನೋಡಿದೆ. ಅವರ ಎರಡೂ ಕೈ ನಡುವಿನ ಮೇಲಿದ್ದವು. ನೆರಿಗೆಯನ್ನು ಬಿಗಿಯಾಗಿ ಹಿಡಿದಿದ್ದರು.

"ಬಿಡ್ರಿ."

ಗೋಡೆಯ ಬದಿಯಿಂದ ಬಂದ ದನಿ. ಗಿರಿಜಾ ಅಷ್ಟರಲ್ಲಿ ಆ ಮನುಷ್ಯನ ಎದುರಿಗೇ ಬಂದು ನಿಂತಿದ್ದಳು.

"ತಮಾಷೆಗೆ ಮೇಡಂ" ಎಂದರು ಆತ, ಇನ್ನೂ ನಗುತ್ತಲೇ.

"ಬಿಡ್ರಿ ಅಂದೆ." ಅವರ ಮುಂಗೈ ಹಿಡಿದಳು. ದನಿ ಎತ್ತರಿಸಿರಲಿಲ್ಲ. ಆದರೂ ಸುತ್ತಲಿನ ನಗು ನಿಂತಿತು.

ಆತ ಬಿಟ್ಟರು. "ಸಾರಿ, ಸೀರೆಗೆ ಏನೂ ಆಗಿಲ್ಲ ನೋಡಿ" ಎಂದರು.

"ಸೀರಿಗೆ ಏನಾದ್ರೂ ಆಗ್ಲಿ" ಎಂದಳು ಗಿರಿಜಾ. ಅವಳ ಸೆರಗು ಜಾರಿ ಭುಜಕ್ಕೆ ಬಂದಿತ್ತು, ಅವಳಿಗೆ ಪರಿವೆಯಿರಲಿಲ್ಲ. "ಅಲ್ಲಿ ಕುರ್ಚಿ ಮ್ಯಾಲ ಕುಂತಾರಲ್ಲ, ಅವರು ನಮ್ಮತ್ತಿ. ನಾಟಕದಾಗ ರಾಣಿ ಪಾರ್ಟು ಮಾಡ್ತಿದ್ರು. ಆ ಸೀರಿ ಅವರ್ದು. ಉಟ್ಕೊಂಡಿದ್ದಾಗ ಒಬ್ಬ ಹಿಂಗಾ ಎಳದು ಹರದಾನ. ಅವತ್ತೂ ಮಂದಿ ನೋಡಿಕೊಂತನಾ ಕುಂತಿತ್ತು."

ಎಲ್ಲರೂ ಕುರ್ಚಿಯತ್ತ ತಿರುಗಿದರು. ಎತ್ತಿದ ಮೊಬೈಲುಗಳು ಕೆಳಗಿಳಿದವು. ಆತನ ಹೆಂಡತಿ ಮೊಬೈಲ್ ಅನ್ನು ಬ್ಯಾಗಿಗೆ ಹಾಕಿಕೊಂಡರು. ಆತ ಕಮಲಮ್ಮನ ಹತ್ತಿರ ಬಂದು ಕೈ ಮುಗಿದರು. ಕೆಟ್ಟ ಮನುಷ್ಯನಲ್ಲ. ನಮ್ಮ ನಿಮ್ಮಂಥವರೇ. ಭಯವಾಗುವುದು ಅದಕ್ಕೇ.

ಕಮಲಮ್ಮ ಗಿರಿಜಾಳ ತೋಳು ಹಿಡಿದು ಎದ್ದರು. ನಿಧಾನವಾಗಿ ನಡೆದು ಸೀರೆಯ ಮುಂದೆ ನಿಂತರು. ಸೊಸೆಯ ಕೈಯನ್ನು ಹಿಡಿದು ಸುತಳಿಯ ಮೇಲಿಟ್ಟರು. "ಮೌಲಣ್ಣ ಹೊಲದದ್ದು" ಎಂದರು. ಅಷ್ಟೇ.

ಸಂಜೆ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಆಟೋದಲ್ಲಿ ನಾನೂ ಹೋದೆ. ರಾಯಲ್ ಸರ್ಕಲ್ ದಾಟಿದ ಮೇಲೆ ಗಿರಿಜಾ ರಸ್ತೆಯ ಕಡೆ ನೋಡುತ್ತಲೇ ಕೇಳಿದಳು:

"ಅತ್ತಿ, ಸೀರಿ ಎಳಿಯಾಕ ಬಂದಾಗ ರಾಣಿ ಒಂದು ಹಾಡು ಹಾಡ್ತಾಳಂತಲ್ಲ, ಅದು ಹೆಂಗೈತಿ?"

"ಮನಿಗೆ ಹೋಗಿ ಹೇಳ್ತೀನಿ" ಎಂದರು ಕಮಲಮ್ಮ. "ಇಲ್ಲಿ ಆಟೋದ್ದಾ ಸದ್ದು ದೊಡ್ಡದೈತಿ."

ಮರುದಿನ, ಫೋನಿನಲ್ಲಿ ಕಮಲಮ್ಮನ ಹೂಂ ಕೇಳಿಕೊಂಡು, ಆ ಸೀರೆಯ ಪಕ್ಕ ಹಸೀನಾ ಒಂದು ಸಣ್ಣ ಕಾರ್ಡ್ ಅಂಟಿಸಿದಳು. ಉಟ್ಟವರು: ಕಮಲಮ್ಮ, ಕುರುಗೋಡು. ಹೊಲಿದವರು: ಮೌಲಾಸಾಬ್, ಸಿರುಗುಪ್ಪ. ತನ್ನ ಹೆಸರು ಹಾಕಲಿಲ್ಲ. ಕೇಳಿದ್ದಕ್ಕೆ, "ಇದರಾಗ ನಾ ಮಾಡಿದ್ದು ಏನೈತಿ ಅಕ್ಕಾ?" ಎಂದಳು. (ಬಿಚ್ಚದೆ ಬಿಟ್ಟದ್ದು ಸಣ್ಣ ಕೆಲಸವೇನಲ್ಲ ಎಂದೆ. ಅವಳು ಒಪ್ಪಲಿಲ್ಲ.)

ಈ ವಾರವಿಡೀ ನನ್ನ ತಲೆಯಲ್ಲಿ ಒಂದೇ ವಿಷಯ. ಕರೂರಿನಲ್ಲಿ ಆ ದಿನ ಕೂತಿದ್ದವರಿಗೆ ಗೊತ್ತಾಗಲಿಲ್ಲ, ನಾಟಕ ಅಂದುಕೊಂಡರು ಎನ್ನೋಣ. ನಿಜಕ್ಕೂ ಯಾರಿಗೂ ಗೊತ್ತಾಗಲಿಲ್ಲವೇ? "ಬಿಡೋ" ಎಂದು ಅತ್ತ ಹೆಣ್ಣಿನ ದನಿ ಹಾಡಿನ ಹಾಗೆ ಕೇಳಿಸಿತೇ? ಅಥವಾ ಗೊತ್ತಾಗಿಯೂ, ಪಕ್ಕದವನು ಚಪ್ಪಾಳೆ ಹೊಡೆಯುತ್ತಿದ್ದಾನಲ್ಲ ಎಂದು ತಾವೂ ಹೊಡೆದರೇ? ಈಗಂತೂ ಒನ್ಸ್ ಮೋರ್ ಎಂದು ಗಂಟಲು ಹರಿದುಕೊಳ್ಳಬೇಕಿಲ್ಲ. ಬಸ್ಸಿನಲ್ಲಿ, ಬೀದಿಯಲ್ಲಿ, ಯಾರದೋ ಮನೆಯ ಅಂಗಳದಲ್ಲಿ ಯಾರನ್ನೋ ಎಳೆದಾಡಿದ ವಿಡಿಯೋ ನಮ್ಮ ಅಂಗೈಯಲ್ಲಿ ತಾನಾಗಿಯೇ ಮತ್ತೆ ಮತ್ತೆ ಓಡುತ್ತದೆ. ನಾವು ಅಯ್ಯೋ ಪಾಪ ಎಂದು ಇನ್ನೊಬ್ಬರಿಗೆ ಕಳಿಸುತ್ತೇವೆ.

ಗಿರಿಜಾ ಭಾಷಣ ಮಾಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಅವಳು ಮೊದಲು ಆಡಿದ್ದು ಒಂದೇ ಮಾತು.

ಬಿಡ್ರಿ. ಎರಡೇ ಅಕ್ಷರ. ತುಂಬಿದ ಸಭೆಯೊಂದರಲ್ಲಿ ಇದನ್ನು ಹೇಳಲು ನಮಗೆ ಇಷ್ಟು ವರ್ಷ ಬೇಕಾಯಿತೇ?